ಟೈ ಸೆಗಾಲ್ 2012ರಲ್ಲಿ ಒಂದೇ ವರ್ಷಕ್ಕೆ ಮೂರು ಆಲ್ಬಂ ತಂದಿದ್ದು ಹೇಗೆ?

ಮೂರನ್ನೂ ಬೇರೆ ಬೇರೆ ಕೂಟದಲ್ಲಿ ಮಾಡಿದ್ದರಿಂದ. ಕ್ಯಾಲಿಫೋರ್ನಿಯಾದ ಈ ಹಾಡುಗಾರ ಏಪ್ರಿಲ್‌ನ ‘ಹೇರ್’ ಅನ್ನು ‘ವೈಟ್ ಫೆನ್ಸ್’ ಬ್ಯಾಂಡ್‌ನ ಟಿಮ್ ಪ್ರೆಸ್ಲಿ ಜೊತೆ ಮಾಡಿದರು. ಜೂನ್‌ನ ‘ಸ್ಲಾಟರ್‌ಹೌಸ್’ ತಮ್ಮ ಬ್ಯಾಂಡ್ ಜೊತೆ. ಅಕ್ಟೋಬರ್‌ನ ‘ಟ್ವಿನ್ಸ್’ನಲ್ಲಿ ಹೆಚ್ಚಿನ ವಾದ್ಯಗಳನ್ನು ತಾವೇ ನುಡಿಸಿದರು.

ಸೆಗಾಲ್ ಅವರದು ಗ್ಯಾರೇಜ್ ರಾಕ್, ಅಂದ್ರೆ ನಾಜೂಕಿಗಿಂತ ಹುರುಪಿಗೆ ಜಾಸ್ತಿ ಬೆಲೆ ಕೊಡುವ ಒರಟು ರಾಕ್. ಸಣ್ಣಪುಟ್ಟ ಒರಟುತನ ತಿದ್ದುತ್ತಾ ಕೂರಬೇಕಿಲ್ಲ, ರೆಕಾರ್ಡಿಂಗ್ ಬೇಗ ಮುಗಿಯುತ್ತದೆ. ಜೊತೆಗೆ, ಊರೂರು ಸುತ್ತಿ ಶೋ ಕೊಟ್ಟ ಬ್ಯಾಂಡ್‌ಗೆ ಕೈ ಪಳಗಿರುತ್ತದೆ, ಅಲ್ವಾ? ಆ ಪಳಗಿದ ಕೈ ‘ಸ್ಲಾಟರ್‌ಹೌಸ್’ನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಅದರ ಕೊನೆಯ ಹತ್ತು ನಿಮಿಷ ಹಾಡೇ ಇಲ್ಲ, ಬರೀ ಗಿಟಾರ್‌ಗಳ ಕಿರುಚಾಟ, ಗುಂಯ್‌ಗುಡುವ ಆಂಪ್ಲಿಫೈಯರ್. ಮೂರರಲ್ಲಿ ನನಗೆ ಅದೇ ಹೆಚ್ಚು ಇಷ್ಟ. ಮೊದಲು ಅದನ್ನೇ ಕೇಳಿ, ಸ್ವಲ್ಪ ಜೋರಾಗಿಯೇ.