ಆಫೀಸಿಗೆ ಗಿಡ ತರುವ ಮುಂಚೆ ಸಿಬ್ಬಂದಿಯನ್ನು ಕೇಳಿ

ಪ್ರಶ್ನೆ: ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಮ್ಯಾನೇಜರ್ ಆಗಿದ್ದೇನೆ. ಹನ್ನೆರಡು ಜನ ಸಿಬ್ಬಂದಿ, ಎರಡೇ ಕಿಟಕಿ, ದಿನವಿಡೀ ಎಸಿ. ಹೋದ ವರ್ಷ ಎಲ್ಲರೂ ಉಲ್ಲಾಸದಿಂದ ಇರಲಿ ಅಂತ ಆರು ಅರೆಕಾ ಪಾಮ್ ತಂದಿಟ್ಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಆರೂ ಒಣಗಿದವು. ಮತ್ತೆ ತರೋಣ ಅಂದರೆ ನಿರ್ದೇಶಕರು ‘ಗಿಡ ಇಟ್ರ ಕೆಲಸ ಜಾಸ್ತಿ ಆಗ್ತದೇನ್ರಿ?’ ಅನ್ನುತ್ತಾರೆ. ಗಿಡದಿಂದ ಗಾಳಿ ಶುದ್ಧವಾಗುತ್ತದೆ ಅನ್ನುವುದು ನಿಜವೇ? ಯಾವ ಗಿಡ ತರಲಿ?

ಉತ್ತರ: ಗಾಳಿಯ ಮಾತು ಮೊದಲು ಮುಗಿಸೋಣ. ಅದನ್ನು ನಿರ್ದೇಶಕರ ಮುಂದೆ ಹೇಳಬೇಡಿ. 1989ರಲ್ಲಿ ನಾಸಾ ಮಾಡಿದ ಒಂದು ಪ್ರಯೋಗದಿಂದ ಈ ನಂಬಿಕೆ ಹಬ್ಬಿತು. ಆದರೆ ಅಲ್ಲಿ ಗಿಡಗಳನ್ನು ಇಟ್ಟಿದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ನಿಮ್ಮ ಆಫೀಸಿನ ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತದೆ ಅಲ್ವಾ? ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯ ಓಡಾಟಕ್ಕೆ ಸಾಟಿಯಾಗಲು ಒಂದು ಚದರ ಮೀಟರಿಗೆ ಕಡಿಮೆ ಅಂದರೂ 10 ಗಿಡ ಬೇಕು ಎಂದು ಕಂಡುಬಂತು. ಗಾಳಿ ಚೆನ್ನಾಗಿರಬೇಕಾದರೆ ಬೆಳಗ್ಗೆ ಅರ್ಧ ತಾಸು ಎರಡೂ ಕಿಟಕಿ ತೆರೆದಿಡಿ.

ಹಾಗಂತ ಗಿಡ ಸುಮ್ನೆ ಅಲಂಕಾರಕ್ಕೆ ಅಂತ ತಿಳಿಯಬೇಡಿ. ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನ ಆಫೀಸುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೋಳು ಆಫೀಸಿಗೆ ಗಿಡ ತಂದ ಮೇಲೆ ಕೆಲಸ ಸುಮಾರು ಶೇ 15ರಷ್ಟು ಚುರುಕಾಯಿತು. ನಿಮ್ಮಲ್ಲೂ ಅಷ್ಟೇ ಆಗುತ್ತದೆ ಅಂತ ಮಾತು ಕೊಡಬೇಡಿ. ಅದು ಅಲ್ಲಿನ ಅಳತೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2010ರಲ್ಲಿ ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಕೆಲಸ. ಕೆಲವರಿಗೆ ಗಿಡ, ಚಿತ್ರ ಇಟ್ಟು ಸಿದ್ಧ ಮಾಡಿದ ಕೋಣೆ ಕೊಟ್ಟರು. ಇನ್ನು ಕೆಲವರಿಗೆ ‘ನಿಮಗೆ ಬೇಕಾದ ಹಾಗೆ ನೀವೇ ಇಟ್ಟುಕೊಳ್ಳಿ’ ಅಂದರು. ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದವರು ತಾವೇ ಇಟ್ಟುಕೊಂಡವರು. ಮೂರನೆಯ ಗುಂಪಿಗೂ ಹಾಗೇ ಇಟ್ಟುಕೊಳ್ಳಲು ಬಿಟ್ಟು, ಆಮೇಲೆ ಸಂಶೋಧಕರು ಅದನ್ನು ಅವರ ಕಣ್ಣೆದುರೇ ಬದಲಾಯಿಸಿಬಿಟ್ಟರು. ಸಿಕ್ಕಿದ್ದ ಲಾಭ ಅಲ್ಲಿಗೇ ಕರಗಿತು.

ಹಾಗಾಗಿ ಈ ಸಲ ನೀವೊಬ್ಬರೇ ಹೋಗಿ ಆರು ಗಿಡ ತರಬೇಡಿ. ಯಾರಿಗೆ ಗಿಡ ಬೇಕು ಅಂತ ಕೇಳಿ. ಬೇಕು ಅಂದವರು ತಮ್ಮ ಗಿಡ ತಾವೇ ಆರಿಸಲಿ, ತಮ್ಮ ಟೇಬಲ್ ಮೇಲೆ ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಳ್ಳಲಿ, ನೀರೂ ಅವರೇ ಹಾಕಲಿ. ಬೇಡ ಅಂದವರಿಗೆ ಒತ್ತಾಯ ಬೇಡ. ಜಪಾನಿನ ಒಂದು ಕಂಪನಿಯಲ್ಲಿ ಹೀಗೇ ಪ್ರತಿಯೊಬ್ಬರೂ ತಾವು ಆರಿಸಿದ ಪುಟ್ಟ ಗಿಡವನ್ನು ನೋಡಿಕೊಂಡರು. ದಣಿವಾದಾಗ ಮೂರು ನಿಮಿಷ ಸುಮ್ಮನೆ ಅದನ್ನೇ ನೋಡುತ್ತ ಕೂತರು. ಅವರಲ್ಲಿ ಹಲವರ ಆತಂಕ ತಗ್ಗಿತ್ತು. ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿಯಲ್ಲಿ ನಿಮ್ಮ ಹುಡುಗರಿಗೆ ಆ ಮೂರು ನಿಮಿಷ ಕೊಡಿ.

ಇನ್ನು ನಿಮ್ಮ ಪಾಮ್. ಎಲೆಯ ತುದಿ ಮೊದಲು ಕಂದಾಗಿ, ಆಮೇಲೆ ಅಂಚಿನಗುಂಟ ಒಣಗುತ್ತ ಬಂತೇ? ಕುಂಡದ ಬಾಯಿಗೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತೇ? ಕಟ್ಟಿದ್ದರೆ ಅದು ಬೋರ್ ನೀರಿನ ಉಪ್ಪು. ನಮ್ಮ ಕಡೆಯ ಎಷ್ಟೋ ಬೋರ್‌ಗಳ ನೀರು ಸವಳು. ಅರೆಕಾಗೆ ಆ ಉಪ್ಪೂ ಆಗದು, ಎಸಿಯ ಒಣ ಗಾಳಿಯೂ ಆಗದು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇರುವುದಿಲ್ಲ. ಬಕೆಟ್ ಇಟ್ಟು ಹಿಡಿದು ಅದನ್ನೇ ಹಾಕಿ. ಆರ್‌ಓ ಮಷಿನ್ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಜೆಡ್‌ಜೆಡ್ ಪ್ಲಾಂಟ್: ಇವು ಮೂರು ನಿಮಗೆ ಸಾಕು. ಮಬ್ಬು ಬೆಳಕನ್ನೂ ತಡೆದುಕೊಳ್ಳುತ್ತವೆ, ರಜೆಯಲ್ಲಿ ನಾಲ್ಕು ದಿನ ನೀರಿಲ್ಲದಿದ್ದರೂ ಸಾಯುವುದಿಲ್ಲ. ತುಳಸಿ ಬೇಡ, ಅದಕ್ಕೆ ಬಿಸಿಲು ಬೇಕು. ಈ ಮೂರರ ಎಲೆಯನ್ನೂ ಬಾಯಿಗೆ ಹಾಕಬಾರದು. ಗ್ರಾಹಕರ ಜೊತೆ ಮಕ್ಕಳು ಬರುತ್ತಾರಲ್ಲ, ಅವರ ಕೈಗೆ ಸಿಗದಂತೆ ಇಡಿ.

ಹೊಲದ ಎರಿ ಮಣ್ಣು ತಂದು ಕುಂಡ ತುಂಬಬೇಡಿ. ಹೊಲಕ್ಕೆ ಅದು ಬಂಗಾರ, ಆದರೆ ಕುಂಡದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಕೆಂಪು ಮಣ್ಣು, ಮರಳು, ಕೊಳೆತ ಗೊಬ್ಬರ ಸಮಸಮ ಕಲಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಮನೆಯೊಳಗಿನ ಗಿಡ ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೆರಳನ್ನು ಎರಡು ಗಿಣ್ಣಿನ ತನಕ ಮಣ್ಣಿಗಿಳಿಸಿ. ತಂಪು ತಾಗಿ ಬೆರಳಿಗೆ ಮಣ್ಣು ಮೆತ್ತಿಕೊಂಡರೆ ಆವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಹಾಕಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆರಡು ಸಲ ಚೆಲ್ಲಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ. ಬೇಸಿಗೆಯ ದೂಳಿಗೆ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಖರ್ಚಿನ ಮಾತಿಗೆ ಬಂದರೆ, ಮನಿ ಪ್ಲಾಂಟನ್ನು ಕೊಳ್ಳಲೇಬೇಡಿ. ನಿಮ್ಮಲ್ಲೇ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಗಿಣ್ಣು ಇರುವ ಬಳ್ಳಿ ಕತ್ತರಿಸಿ ನೀರಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದು ಹವೆ ತಣ್ಣಗಾಗಲಿ, ಆಗ ಇಬ್ಬರು ಮೂವರು ಆಸೆಪಟ್ಟವರ ಟೇಬಲ್‌ನಿಂದಲೇ ಆರಂಭಿಸಿ.