ಟ್ರೈಲರ್ ಎಳೆಯುವಾಗ ಓವರ್‌ಡ್ರೈವ್ ಆನ್ ಇರಬೇಕಾ, ಆಫ್ ಇರಬೇಕಾ?

ನೀವು ಕೇಳಿದ್ದು ಇಷ್ಟು: ನಾಲ್ಕು ಗೇರಿನ ಹಳೆಯ ಆಟೋಮ್ಯಾಟಿಕ್ ಎಸ್‌ಯುವಿ ತೆಗೆದುಕೊಂಡಿದ್ದೀರಿ. ಗೇರ್ ಲಿವರ್ ಪಕ್ಕದಲ್ಲಿ ‘ಓ/ಡಿ’, ಅಂದರೆ ಓವರ್‌ಡ್ರೈವ್, ಅಂತ ಒಂದು ಬಟನ್ ಇದೆ. ಚಿಕ್ಕ ಟ್ರೈಲರ್ ಕಟ್ಟಿಕೊಂಡು ಮೈಸೂರಿನಿಂದ ಮಡಿಕೇರಿ ಹತ್ತಿರದ ತೋಟಕ್ಕೆ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೂ ಹೋಗಬೇಕು. ಆ ಬಟನ್ ಯಾವಾಗ ಒತ್ತಬೇಕು, ಎಳೆಯಲು ಏನೇನು ಸಾಮಾನು ಬೇಕು?

ನನ್ನದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಗಾಡಿಯೂ ನಿಮ್ಮದರ ಜಾತಿಯದೇ. ಹಾಗಾಗಿ ಪುಸ್ತಕದ ಮಾತಿಗಿಂತ ಪೆಟ್ಟು ತಿಂದು ಕಲಿತದ್ದೇ ಜಾಸ್ತಿ ಬರೆಯುತ್ತೇನೆ.

ಮೊದಲು ಆ ದೀಪದ ಗೊಂದಲ ಬಿಡಿಸಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ‘ಓ/ಡಿ ಆಫ್’ ದೀಪ ಹತ್ತಿದರೆ ಓವರ್‌ಡ್ರೈವ್ ಬಂದ್ ಆಗಿದೆ ಅಂತ ಅರ್ಥ. ದೀಪ ಇಲ್ಲದಿದ್ದರೆ ಅದು ಚಾಲೂ ಇದೆ. ನಾನು ಮೂರು ತಿಂಗಳು ಉಲ್ಟಾ ತಿಳಿದುಕೊಂಡು ಓಡಿಸಿದ್ದೆ. ಒಂದು ವೇಳೆ ಅದೇ ದೀಪ ಮಿಟುಕಲು ಶುರುಮಾಡಿದರೆ ಬಟನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಬಹಳಷ್ಟು ಗಾಡಿಗಳಲ್ಲಿ ಅದು ಗೇರ್‌ಬಾಕ್ಸ್ ತೊಂದರೆಯ ಸೂಚನೆ.

ಓವರ್‌ಡ್ರೈವ್ ಅಂದರೆ ದೊಡ್ಡ ರಹಸ್ಯ ಏನಲ್ಲ. ಮೂರನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟೂ ಒಂದು ಸುತ್ತು. ನಾಲ್ಕನೆಯದರಲ್ಲಿ ಎಂಜಿನ್ ಸುಮಾರು 700 ಸುತ್ತು ತಿರುಗಿದರೆ ಸಾಕು, ಶಾಫ್ಟ್ 1,000 ಸುತ್ತು ತಿರುಗುತ್ತದೆ. ಸದ್ದು ಕಡಿಮೆ, ಇಂಧನ ಉಳಿತಾಯ. ಆದರೆ ಎಳೆಯುವ ಕಸುವೂ ಕಡಿಮೆ, ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಶಕ್ತಿಯೂ ಕಡಿಮೆ. ಬಟನ್ ಒತ್ತಿದರೆ ‘ನಾಲ್ಕಕ್ಕೆ ಹೋಗಬೇಡ, ಮೂರರಲ್ಲೇ ಇರು’ ಅಂತ ಗೇರ್‌ಬಾಕ್ಸಿಗೆ ಹೇಳಿದ ಹಾಗೆ. ಅಷ್ಟೇ.

ಈಗ ನಿಮ್ಮ ದಾರಿ ನೋಡೋಣ. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಇಷ್ಟು ದೂರ ಖಾಲಿ ಗಾಡಿಯಾದರೆ ಸುಮ್ನೆ ಆನ್‌ನಲ್ಲೇ ಬಿಡಿ. ಟ್ರೈಲರ್ ಇದ್ದರೂ ಹಗುರವಾಗಿದ್ದು, ಗೇರ್ ಒಂದೇ ಕಡೆ ನಿಂತಿದ್ದರೆ ತೊಂದರೆ ಇಲ್ಲ. ನಿಮ್ಮ ಗಾಡಿಯ ಮ್ಯಾನುಯಲ್ ‘ಎಳೆಯುವಾಗ ಆಫ್’ ಅಂದಿದ್ದರೆ ಮಾತ್ರ ನನ್ನ ಮಾತು ಬಿಡಿ, ಅದನ್ನೇ ಕೇಳಿ.

ಆನೆಕಾಡು ದಾಟಿ ಏರು ಶುರುವಾದ ಮೇಲೆ ಕಥೆ ಬೇರೆ. ಗಾಡಿ ನಾಲ್ಕಕ್ಕೆ ಹೋಗುತ್ತದೆ, ಉಸಿರು ಕಟ್ಟುತ್ತದೆ, ಮೂರಕ್ಕೆ ಬೀಳುತ್ತದೆ. ಸ್ವಲ್ಪ ಸಪಾಟು ಸಿಕ್ಕ ಕೂಡಲೇ ಮತ್ತೆ ನಾಲ್ಕು. ನಮ್ಮ ಕಡೆ ರಸ್ತೆಯಲ್ಲಿ ನೇರ ಅನ್ನುವುದೇ ಇನ್ನೂರು ಮೀಟರ್, ಅಲ್ವಾ? ಪ್ರತಿ ಸಲ ಬದಲಾದಾಗ ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಕಸುವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಬಿಟ್ಟುಕೊಳ್ಳುತ್ತದೆ, ಒಳಗೆ ಎಣ್ಣೆ ಕಡೆದ ಹಾಗಾಗಿ ಬಿಸಿ ಏರುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಾಯುವುದು ಹೆಚ್ಚಾಗಿ ಭಾರದಿಂದಲ್ಲ, ಈ ಬಿಸಿಯಿಂದ. ಏರಿನಲ್ಲಿ ಎರಡು ಸಲ ಗೇರ್ ಹಿಂದೆ ಮುಂದೆ ಆಯಿತು ಅಂದರೆ ಬಟನ್ ಒತ್ತಿಬಿಡಿ. ಎಂಜಿನ್ ಸದ್ದು ಜಾಸ್ತಿಯಾಗುತ್ತದೆ. ಆಗಲಿ ಬಿಡಿ.

ಇನ್ನೊಂದು ವಿಷಯ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯ ಚಳಿಯಲ್ಲಿ ಹೊರಟಾಗ ಗಾಡಿ ನಾಲ್ಕನೇ ಗೇರಿಗೆ ಹೋಗಲು ಸತಾಯಿಸಿದರೆ ಗಾಬರಿ ಬೇಡ. ಎಂಜಿನ್ ಬಿಸಿಯಾಗುವ ತನಕ ಓವರ್‌ಡ್ರೈವ್ ಕೊಡದ ಗಾಡಿಗಳು ಎಷ್ಟೋ ಇವೆ. ಗೇರ್‌ಬಾಕ್ಸ್ ಹೋಯಿತು ಅಂತ ನಾನು ಒಬ್ಬ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ಬಂದಿದ್ದೇನೆ. ಅವನು ತೆಗೆದುಕೊಂಡ ಕೂಡ.

ಎಲ್ಲರೂ ಏರಿನ ಬಗ್ಗೆಯೇ ಕೇಳುತ್ತಾರೆ. ನನಗೆ ಹೆದರಿಕೆ ಇರುವುದು ಇಳುಕಲಿನದು. ಏರಿನಲ್ಲಿ ಸೋತ ಗಾಡಿ ನಿಂತುಕೊಳ್ಳುತ್ತದೆ. ಇಳುಕಲಿನಲ್ಲಿ ಸೋತ ಗಾಡಿ ನಿಲ್ಲುವುದಿಲ್ಲ.

ಒಂದು ಜನವರಿಯಲ್ಲಿ ಟಿಲ್ಲರನ್ನು ಟ್ರೈಲರಿಗೆ ಹಾಕಿಕೊಂಡು ಸುಳ್ಯದ ಹತ್ತಿರ ನೆಂಟರ ಅಡಿಕೆ ತೋಟಕ್ಕೆ ಹೊರಟೆ. ಲಿವರ್ ‘ಡಿ’ಯಲ್ಲಿ, ಓವರ್‌ಡ್ರೈವ್ ಆನ್. ಮದೆನಾಡು ದಾಟುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಪ್ರತಿ ತಿರುವಿಗೂ ಬ್ರೇಕ್, ತಿರುವು ಮುಗಿದರೆ ಮತ್ತೆ ಓಟ, ಹಿಂದಿನಿಂದ ಟ್ರೈಲರ್ ತಳ್ಳುವ ದೂಟು. ಜೋಡುಪಾಲದ ಹತ್ತಿರ ಸುಟ್ಟ ವಾಸನೆ ಬಂತು. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿತಲ್ಲ, ಅದೇ ಜೋಡುಪಾಲ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಒದ್ದೆ ಸ್ಪಂಜು ಒತ್ತಿದ ಹಾಗೆ. ಲಿವರ್ ಎರಡಕ್ಕೆ ಎಳೆದು, ಎಂಜಿನ್ ಕಿರುಚುತ್ತಿದ್ದಂತೆ ಗಾಡಿಯನ್ನು ಹೇಗೋ ಅಂಚಿಗೆ ತಂದು, ಚಕ್ರಗಳಿಗೆ ಕಲ್ಲು ಕೊಟ್ಟು ನಿಂತೆ. ಮುಕ್ಕಾಲು ಗಂಟೆ ಕಾದೆವು. ನೆಂಟರ ಮನೆ ಮುಟ್ಟುವ ತನಕ ಹೆಂಡತಿ ಮಾತಾಡಲಿಲ್ಲ.

ಲೆಕ್ಕ ಹಾಕಿ ನೋಡಿ. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು 1,000 ಮೀಟರ್ ಇಳಿಯುತ್ತೀರಿ. ಗಾಡಿ, ಟ್ರೈಲರ್ ಸೇರಿ 2,600 ಕೆ.ಜಿ. ಅಂದುಕೊಳ್ಳಿ. ಅಷ್ಟು ಭಾರ ಅಷ್ಟು ಇಳಿದಾಗ ಹೊರಬರುವ ಶಕ್ತಿ 7 ಯೂನಿಟ್ ಕರೆಂಟಿಗೆ ಸಮ. ಅದು ಎಲ್ಲಾದರೂ ಹೋಗಲೇಬೇಕು. ಸ್ವಲ್ಪ ಟೈರಿಗೆ, ಸ್ವಲ್ಪ ಗಾಳಿಗೆ. ಉಳಿದದ್ದು ಎಂಜಿನ್ನಿಗೆ ಅಥವಾ ಬ್ರೇಕಿಗೆ. ಓವರ್‌ಡ್ರೈವಿನಲ್ಲಿ ಇಳಿದರೆ ಎಂಜಿನ್ ತೆಗೆದುಕೊಳ್ಳುವ ಪಾಲು ತೀರಾ ಕಡಿಮೆ. ಬಹುಪಾಲು ಬ್ರೇಕಿನ ತಲೆಗೆ.

ಆದ್ದರಿಂದ ಘಾಟಿ ಇಳಿಯುವ ಮೊದಲೇ, ಸಪಾಟಿನಲ್ಲೇ ಓವರ್‌ಡ್ರೈವ್ ಆಫ್ ಮಾಡಿ. ಸಂಪಾಜೆಗೆ ಅಷ್ಟೇ ಸಾಲದು, ಲಿವರನ್ನು ‘2’ಕ್ಕೆ ತನ್ನಿ. ಪೆರುಂಬಾಡಿಯಿಂದ ಮಾಕುಟ್ಟದ ಕಡೆ ಇಳಿಯುವಾಗಲೂ ಹೀಗೇ. ವೇಗ ಜಾಸ್ತಿಯಾದರೆ ಗಟ್ಟಿಯಾಗಿ ಒಮ್ಮೆ ಬ್ರೇಕ್ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ. ಸದಾ ಕಾಲಿಟ್ಟುಕೊಂಡು ಸವರುತ್ತಾ ಹೋಗಬೇಡಿ. ಮಳೆಗಾಲದಲ್ಲಿ ಮಾತ್ರ ಒಂದು ಎಚ್ಚರ: ಒದ್ದೆ ತಿರುವಿನ ಮಧ್ಯದಲ್ಲಿ ಬಟನ್ ಒತ್ತಬೇಡಿ. ಹಿಂದಿನ ಚಕ್ರ ಓಡಿಸುವ ಗಾಡಿಯಾದರೆ ಆ ದಿಢೀರ್ ಹಿಡಿತಕ್ಕೆ ಹಿಂಭಾಗ ಜಾರಬಹುದು, ಟ್ರೈಲರ್ ಪಕ್ಕಕ್ಕೆ ಮಡಚಿಕೊಳ್ಳಬಹುದು.

ಬ್ರೇಕ್ ಎಣ್ಣೆಯನ್ನೂ ಬದಲಾಯಿಸಿಬಿಡಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೇನು ಬರ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಕುದಿಯುವುದು 205 ಡಿಗ್ರಿಯ ಮೇಲೆ. ತೇವ ಹಿಡಿದ ಮೇಲೆ 140ಕ್ಕೇ ಕುದಿಯಬಹುದು. ನನ್ನ ಪೆಡಲ್ ಸ್ಪಂಜಾದದ್ದು ಹೀಗೆ. ಎಷ್ಟು ವರ್ಷದ ಎಣ್ಣೆ ಅಂತ ಕೊಂಡವನಿಗೂ ಗೊತ್ತಿರಲಿಲ್ಲ, ಮಾರಿದವನಿಗೂ ಗೊತ್ತಿರಲಿಲ್ಲ.

ಬಟನ್ ಇಲ್ಲದ ಹೊಸ ಗಾಡಿ ಇರುವವರೂ ಇದನ್ನು ಓದುತ್ತಿರಬಹುದು. ನಿಮ್ಮಲ್ಲೂ ಓವರ್‌ಡ್ರೈವ್ ಇದೆ. ಆರು ಗೇರಿನ ದೊಡ್ಡ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಐದು, ಆರು ಎರಡೂ ಓವರ್‌ಡ್ರೈವೇ. ಮ್ಯಾನುಯಲ್ ಮೋಡಿಗೆ ಹಾಕಿ ನಾಲ್ಕರಲ್ಲಿ ತಡೆದರೆ ಅದೇ ಕೆಲಸ.

ಇನ್ನು ಸಾಮಾನು. ಎಳೆಯುವ ಕೊಂಡಿ ಛಾಸಿಗೆ ಬೋಲ್ಟ್ ಆಗಿರಬೇಕು. ನನಗೆ ಮೊದಲು ಒಬ್ಬರು ಬಂಪರ್ ಪಟ್ಟಿಗೇ ವೆಲ್ಡ್ ಮಾಡಿ ಕೊಟ್ಟಿದ್ದರು, ಎರಡೇ ಮಳೆಗಾಲಕ್ಕೆ ಬಿರುಕು ಬಿಟ್ಟಿತು. ಕೊಂಡಿಯ ಬಾಲ್ (ಉಕ್ಕಿನ ಗುಂಡು) ಮತ್ತು ಅದರ ಮೇಲೆ ಕೂರುವ ಟ್ರೈಲರಿನ ಕಪ್ ಒಂದೇ ಅಳತೆಯದಾಗಿರಲಿ. 50 ಮಿ.ಮೀ. ಅಂತಲೂ ಬರುತ್ತದೆ, ಎರಡು ಇಂಚು, ಅಂದರೆ 50.8 ಮಿ.ಮೀ. ಅಂತಲೂ ಬರುತ್ತದೆ. ಕಣ್ಣಿಗೆ ಒಂದೇ, ಹಿಡಿತಕ್ಕೆ ಬೇರೆ. ಕೆಳಗೆ ಎರಡು ಚೈನು, ಒಂದರ ಮೇಲೊಂದು ಅಡ್ಡ ಹಾಕಿ. ಕೊಂಡಿ ಕಳಚಿದರೆ ಟ್ರೈಲರಿನ ಮೂಕಿ, ಅಂದರೆ ಮುಂದೆ ಚಾಚಿದ ಎಳೆಯುವ ಕೋಲು, ನೆಲಕ್ಕೆ ಬಡಿಯದೆ ಆ ತೊಟ್ಟಿಲಲ್ಲಿ ಕೂರುತ್ತದೆ.

ಮೂಕಿ ಅಂದೆನಲ್ಲ, ಎತ್ತಿನ ಗಾಡಿ ಹೇರಿದವರಿಗೆ ಟ್ರೈಲರ್ ಪಾಠ ಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕತ್ತು ಬಿಗಿಯುತ್ತದೆ. ಮುಂಭಾರವಾದರೆ ಎತ್ತು ಕುಸಿಯುತ್ತದೆ. ಇಲ್ಲೂ ಹಾಗೆಯೇ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು, ಅಂದರೆ 600 ಕೆ.ಜಿ.ಗೆ 60ರಿಂದ 90 ಕೆ.ಜಿ., ಬಾಲ್ ಮೇಲೆ ಕೂರಬೇಕು. ನಿಮ್ಮ ಕೊಂಡಿ ತಡೆಯುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಹೇರನ್ನೇ ಇಳಿಸಿ. ಹಿಂಭಾರದ ಟ್ರೈಲರ್ ಗಂಟೆಗೆ 60 ಕಿ.ಮೀ. ವೇಗ ದಾಟಿದ ಮೇಲೆ ಬಾಲ ಬೀಸಲು ಶುರುಮಾಡುತ್ತದೆ. ಅದನ್ನು ಒಮ್ಮೆ ಕನ್ನಡಿಯಲ್ಲಿ ನೋಡಿದರೆ ಮರೆಯುವುದಿಲ್ಲ. ನಾನು ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆಯೇ ಮೂಕಿ ಇಟ್ಟು ನೋಡುತ್ತೇನೆ.

ಟ್ರೈಲರಿಗೆ ಅದರದೇ ಬ್ರೇಕ್ ಇದ್ದರೆ ಉತ್ತಮ. ಯುರೋಪಿನಲ್ಲಿ 750 ಕೆ.ಜಿ. ಮೀರಿದರೆ ಬ್ರೇಕ್ ಕಡ್ಡಾಯ. ನಮ್ಮ ಘಾಟಿಗೆ ನಾನಾದರೆ ಅದಕ್ಕಿಂತ ಕಡಿಮೆಗೂ ಹಾಕಿಸುತ್ತೇನೆ. ದುಡ್ಡು ಮಿಕ್ಕಿದ್ದರೆ ಗೇರ್‌ಬಾಕ್ಸ್ ಎಣ್ಣೆಗೆ ಬೇರೆ ಕೂಲರ್. ವಿಂಚು, ಲೈಟ್ ಬಾರು ಎಲ್ಲ ಆಮೇಲೆ. ಕಾಗದ ಮರೆಯಬೇಡಿ: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎಂಜಿನ್ ಇಲ್ಲದ ಟ್ರೈಲರ್ ಕೂಡ ಮೋಟಾರು ವಾಹನವೇ. ನೋಂದಣಿ ಬಗ್ಗೆ ಆರ್‌ಟಿಒದಲ್ಲಿ ಕೇಳಿಕೊಂಡೇ ಕೊಳ್ಳಿ.

ಜೂನ್ ಬಂದ ಮೇಲೆ ಅಕ್ಕಪಕ್ಕದವರ ಜೀಪು ಕೆಸರಿನಲ್ಲಿ ಹೂತರೆ ನಿಮ್ಮನ್ನು ಕರೆಯುತ್ತಾರೆ, ಗ್ಯಾರಂಟಿ. ಆಗ ಬಾಲಿಗೆ ಹಗ್ಗ ಹಾಕಿ ಎಳೆಯಬೇಡಿ. ಅದು ಜಗ್ಗುವ ಪೆಟ್ಟಿಗೆ ಮಾಡಿದ್ದಲ್ಲ, ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಛಾಸಿಯ ಎಳೆಯುವ ಹುಕ್ಕಿಗೆ 4.75 ಟನ್ ತಡೆಯುವ ಶ್ಯಾಕಲ್ (ಅಡ್ಡ ಪಿನ್ ಇರುವ ಉಕ್ಕಿನ ಕೊಂಡಿ) ಹಾಕಿ, ಹಗ್ಗದ ನಡುವೆ ಒದ್ದೆ ಗೋಣಿ ಹೊದಿಸಿ, ನೋಡಲು ಬಂದವರನ್ನೆಲ್ಲ ದೂರ ಕಳಿಸಿ. ಹೂತದ್ದು ಬಿಟ್ಟು ಕೆಟ್ಟು ನಿಂತದ್ದು ನಿಮ್ಮದೇ ಆಟೋಮ್ಯಾಟಿಕ್ ಆದರೆ, ನ್ಯೂಟ್ರಲಿಗೆ ಹಾಕಿ ಹಗ್ಗ ಕಟ್ಟಿ ಮನೆಗೆ ಎಳೆಸಿಕೊಂಡು ಹೋಗಬೇಡಿ. ಎಂಜಿನ್ ನಿಂತರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಲ್ಲುತ್ತದೆ, ಒಣಗಿದ ಗೇರುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಎಷ್ಟು ದೂರ ಸರಿಸಬಹುದು ಅಂತ ಮ್ಯಾನುಯಲ್ಲಿನಲ್ಲಿ ಇದ್ದರೆ ಅಷ್ಟೇ. ಇಲ್ಲವಾದರೆ ಬೆನ್ನ ಮೇಲೆ ಹೊರುವ ಫ್ಲಾಟ್‌ಬೆಡ್ ಲಾರಿ ಬರುವ ತನಕ ಕಾಯಿರಿ.