ಮೇಂಟೇನರ್ (ನೋಡಿಕೊಳ್ಳುವವರು) ಇಲ್ಲದ ಪ್ಯಾಕೇಜುಗಳನ್ನು ಯಾವಾಗ ತೆಗೆಯಬೇಕು?

ಮಾನ್ಯರೇ, ಮೂಡಿಗೆರೆ ಕಡೆಯ ಶಾಲಾ ಲ್ಯಾಬುಗಳಿಗೆಂದು ನೀವು ನಡೆಸುತ್ತಿರುವ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಆಧಾರಿತ ತಂತ್ರಾಂಶ ಸಂಗ್ರಹದಿಂದ, ಐದು ವರ್ಷಗಳಿಂದ ಹೊಸ ಆವೃತ್ತಿ ಕಾಣದ ಪ್ಯಾಕೇಜುಗಳನ್ನೆಲ್ಲ (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿಟ್ಟ ತಂತ್ರಾಂಶಗಳನ್ನೆಲ್ಲ) ತೆಗೆದುಬಿಡಬಹುದೇ ಎಂದು ಕೇಳಿದ್ದೀರಿ. ಹಾಸನದಲ್ಲಿ ಇಂಥದ್ದೇ ಸಂಗ್ರಹವನ್ನು ನೋಡಿಕೊಳ್ಳುತ್ತಿರುವ ನಾನು, ವರ್ಷದ ಲೆಕ್ಕವೊಂದನ್ನೇ ನಂಬಿ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪುಟ್ಟ ಪರಿವರ್ತಕವನ್ನು ಎಂಟು ವರ್ಷ ಯಾರೂ ಮುಟ್ಟಿಲ್ಲವೆಂದರೆ, ಅದರಲ್ಲಿ ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂದೂ ಆಗಬಹುದು. ಹೊರಗಿನಿಂದ ಬಂದ ಚಿತ್ರ, ಪಿಡಿಎಫ್ ತೆರೆಯುವ ಪ್ಯಾಕೇಜಿನ ಸಂಗತಿ ಬೇರೆ. ಅದರಲ್ಲಿ ಭದ್ರತಾ ದೋಷ ಬಯಲಾಗಿ, ತಿದ್ದಲು ಯಾರೂ ಮುಂದೆ ಬಾರದಿದ್ದರೆ, ನಿನ್ನೆ ಮೊನ್ನೆಯದಾದರೂ ಉಳಿಸಿಕೊಳ್ಳಬಾರದು. ಇನ್ನು ಆಧಾರವೇ ಕಳಚಿಹೋದವು ಕೆಲವು: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯಾದ ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, 2023ರ ಡೆಬಿಯನ್ 12ರಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ನೆಚ್ಚಿದ್ದ ಪ್ಯಾಕೇಜನ್ನು ಪೈಥಾನ್ 3ಕ್ಕೆ ತರುವವರು ಸಿಗದಿದ್ದರೆ ಬೇರೆ ದಾರಿಯಿಲ್ಲ.

ತೆಗೆಯುವ ಮೊದಲು ಅದನ್ನು ಯಾವುದು ಅವಲಂಬಿಸಿದೆ ಎಂದು ನೋಡಿ. ‘ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್’ (apt-cache rdepends) ಆಜ್ಞೆ ಅನುಸ್ಥಾಪನೆಯ ಅವಲಂಬನೆಯನ್ನಷ್ಟೇ ತೋರಿಸುತ್ತದೆ. ಮೂಲ ಸಂಕೇತದಿಂದ (ಸೋರ್ಸ್ ಕೋಡ್) ಪ್ಯಾಕೇಜನ್ನು ಬಿಲ್ಡ್ ಮಾಡುವಾಗ ಬೇಕಾಗುವುದನ್ನು ‘ಬಿಲ್ಡ್-ಆರ್‌ಡೆಪ್ಸ್’ (build-rdeps) ಆಜ್ಞೆಯಿಂದ ಪ್ರತ್ಯೇಕವಾಗಿ ಹುಡುಕಬೇಕು.

ಬಳಕೆದಾರರ ಎಣಿಕೆಯ ವಿಷಯದಲ್ಲಿ ನಾನೇ ಎಡವಿದ್ದೇನೆ. ಯಾವ ಪ್ಯಾಕೇಜು ಎಷ್ಟು ಯಂತ್ರಗಳಲ್ಲಿದೆ ಎಂದು ಲೆಕ್ಕವಿಡುವ ಡೆಬಿಯನ್ನಿನ ಪಾಪ್‌ಕಾನ್ ಎಣಿಕೆಗೆ ಸೇರುವುದು ಒಪ್ಪಿಗೆ ಕೊಟ್ಟ ಯಂತ್ರಗಳು ಮಾತ್ರ, ಅವೂ ಇಂಟರ್ನೆಟ್ ಇದ್ದರೆ. ಅಲ್ಲಿ ಬೆರಳೆಣಿಕೆಯ ಬಳಕೆದಾರರಿದ್ದ ಗಣಿತದ ಆಟವೊಂದನ್ನು ನಾನು ತೆಗೆದುಹಾಕಿದೆ. ಜೂನ್‌ನಲ್ಲಿ ಸಕಲೇಶಪುರದ ಹತ್ತಿರದ ಶಾಲೆಯ ಮೇಡಂ ಫೋನ್ ಮಾಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಮಕ್ಕಳು ದಿನಾ ಆಡುವ ಆಟ ಕಾಣುತ್ತಿಲ್ಲ ಎಂದರು. ಅವರ ಲ್ಯಾಬಿಗೆ ಇಂಟರ್ನೆಟ್ ಇರಲೇ ಇಲ್ಲ. ಅಂದಿನಿಂದ ಪ್ರತಿ ಶಾಲೆಗೂ ಫೋನ್ ಮಾಡಿ ಕೇಳದೆ ಒಂದನ್ನೂ ತೆಗೆಯುತ್ತಿಲ್ಲ.

ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯಲ್ಲಿ ಅನಾಥವಾದ, ಅಂದರೆ ಮೇಂಟೇನರ್ ಇಲ್ಲದಂತಾದ ಪ್ಯಾಕೇಜಿಗೆ, ತೆಗೆಯುವ ಮೊದಲು ಆರು ವಾರಗಳ ಅವಕಾಶವಿದೆ. ಶಾಲೆಗಳಿಗೆ ಅದು ಸಾಲದು. ಭದ್ರತೆಯ ಕಾರಣವಿಲ್ಲದಿದ್ದರೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮೊದಲೇ ತಿಳಿಸಿ, ಬೇಸಿಗೆ ರಜೆಯಲ್ಲಿ ತೆಗೆಯಿರಿ, ಮೂಲ ಸಂಕೇತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ. ಸಂಗ್ರಹದಿಂದ ತೆಗೆದ ಮಾತ್ರಕ್ಕೆ ಅದು ಲ್ಯಾಬಿನ ಯಂತ್ರಗಳಿಂದ ಹೋಗುವುದಿಲ್ಲ, ತಿದ್ದುಪಡಿಯಿಲ್ಲದೆ ಅಲ್ಲೇ ಉಳಿದಿರುತ್ತದೆ. ಆದ್ದರಿಂದ ದೋಷವಿರುವ ಪ್ಯಾಕೇಜಾದರೆ ಒಂದೊಂದು ಲ್ಯಾಬಿಗೂ ಹೋಗಿ ಕೈಯಾರೆ ತೆಗೆದು ಬರಬೇಕಾಗುತ್ತದೆ.